ಚಿತ್ರ ಮೊದಲು, ಸೂತ್ರ ನಂತರ: ವಿದ್ಯುದಾವೇಶಗಳ ಲೆಕ್ಕ ಬಿಡಿಸುವ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕಂದಾಯ ಆಡಳಿತದಲ್ಲಿ ಬೆಳಗಾವಿ ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಮಟ್ಟಿಗೆ ಚಿಕ್ಕೋಡಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯ ಭಾಗವಾಗಿವೆ. ಈ ಗಡಿಸೀಮೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಓದಿ, ಆಮೇಲೆ ಪದವಿಪೂರ್ವ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಸೇರುವ ಮಕ್ಕಳು ಬಹಳ. ಅವರು ದ್ವಿತೀಯ ಪಿಯುಸಿಯ ಭೌತಶಾಸ್ತ್ರ ಪುಸ್ತಕವನ್ನು ತೆರೆದ ಕೂಡಲೇ ಎದುರಾಗುವ ಮೊದಲ ಅಧ್ಯಾಯ ವಿದ್ಯುದಾವೇಶಗಳು ಮತ್ತು ವಿದ್ಯುತ್ ಕ್ಷೇತ್ರಗಳಿಗೆ ಸಂಬಂಧಿಸಿದ್ದು. ವಾರ್ಷಿಕ ಪರೀಕ್ಷೆಯಲ್ಲಿ ಐದು ಅಂಕದ ಲೆಕ್ಕವಾಗಿಯೂ ಸಿಇಟಿಯಲ್ಲಿ ಒಂದು ಅಂಕದ ಪ್ರಶ್ನೆಯಾಗಿಯೂ ಬರುವ ಈ ವಿಷಯ ಕಠಿಣವೆಂಬ ಮಾತು ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ.

ಆದರೆ ಈ ಲೆಕ್ಕಗಳು ಬೇಡುವ ಗಣಿತ ಹೆಚ್ಚಿನದಲ್ಲ. ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ ಮತ್ತು ಹತ್ತನೆಯ ತರಗತಿಯ ತ್ರಿಕೋನಮಿತಿ ಗೊತ್ತಿದ್ದವರಿಗೆ ಅಷ್ಟೇ ಸಾಕು. ಎಡವಟ್ಟಾಗುವುದು ಗಣಿತಕ್ಕಿಂತ ಮೊದಲಿನ ಹಂತದಲ್ಲಿ: ಯಾವ ಆವೇಶವು ಯಾವುದನ್ನು ಯಾವ ಕಡೆಗೆ ತಳ್ಳುತ್ತದೆ ಅಥವಾ ಸೆಳೆಯುತ್ತದೆ ಎಂಬುದನ್ನು ಕಾಗದದ ಮೇಲೆ ಗೆರೆ ಎಳೆದು ತಿಳಿದುಕೊಳ್ಳದೆ, ಸೂತ್ರದಲ್ಲಿ ಅಂಕಿಗಳನ್ನು ತುಂಬಲು ಹೊರಡುವುದರಲ್ಲಿ. ಚಿತ್ರ ಮೊದಲು, ದಿಕ್ಕು ಅನಂತರ, ಪರಿಮಾಣ ಆಮೇಲೆ, ಕೊನೆಗೆ ಉತ್ತರದ ಪರೀಕ್ಷೆ ಎಂಬ ಕ್ರಮವನ್ನು ರೂಢಿಸಿಕೊಂಡವರಿಗೆ ಇಡೀ ಅಧ್ಯಾಯವೇ ಹತೋಟಿಗೆ ಬರುತ್ತದೆ ಎಂಬುದನ್ನು ಕೆಲವು ಲೆಕ್ಕಗಳ ಮೂಲಕವೇ ತೋರಿಸಬಹುದು.

ಆವೇಶದ ಮೂರು ಗುಣಗಳು

ಪ್ಲಾಸ್ಟಿಕ್ ಬಾಚಣಿಗೆಯನ್ನು ಒಣ ಕೂದಲಿಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದರೆ ಅವು ನೆಗೆದು ಅಂಟಿಕೊಳ್ಳುವುದನ್ನು ಎಂಟನೆಯ ತರಗತಿಯ ಮಕ್ಕಳೂ ಮಾಡಿ ನೋಡಿರುತ್ತಾರೆ. ಉಜ್ಜಿದಾಗ ಒಂದು ವಸ್ತುವಿನ ಮೇಲ್ಮೈಯಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ದಾಟುತ್ತವೆ. ಪಡೆದ ವಸ್ತು ಋಣ ಆವೇಶವನ್ನೂ ಕಳೆದುಕೊಂಡ ವಸ್ತು ಅಷ್ಟೇ ಪ್ರಮಾಣದ ಧನ ಆವೇಶವನ್ನೂ ಹೊಂದುತ್ತದೆ. ಈ ಪ್ರಯೋಗ ಅಥಣಿಯ ಒಣಹವೆಯಲ್ಲಿ ಜನವರಿ ತಿಂಗಳಲ್ಲಿ ಸೊಗಸಾಗಿ ನಡೆಯುತ್ತದೆ. ವೇದಗಂಗೆ ತುಂಬಿ ಹರಿಯುವ ಜುಲೈ ತಿಂಗಳಲ್ಲಿ ನಿಪ್ಪಾಣಿಯ ತರಗತಿಯೊಂದರಲ್ಲಿ ಅದನ್ನೇ ಮಾಡಹೋದರೆ ಬಹುಮಟ್ಟಿಗೆ ಕೈಕೊಡುತ್ತದೆ. ತೇವದ ಗಾಳಿಯಲ್ಲಿ ವಸ್ತುಗಳ ಮೇಲ್ಮೈಗೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುವುದರಿಂದ ಕೂಡಿಟ್ಟ ಆವೇಶ ಅದರ ಮೂಲಕ ಬೇಗನೆ ಸೋರಿಹೋಗುವುದೇ ಇದಕ್ಕೆ ಕಾರಣ. ಸ್ಥಾಯಿ ವಿದ್ಯುತ್ತಿನ, ಎಂದರೆ ಹರಿಯದೆ ನಿಂತ ಆವೇಶದ, ಪ್ರಯೋಗಗಳಿಗೆ ಚಳಿಗಾಲವನ್ನು ಆರಿಸಿಕೊಳ್ಳುವುದು ಈ ಭಾಗದ ಶಿಕ್ಷಕರಿಗೆ ಉಪಯುಕ್ತ.

ಲೆಕ್ಕಗಳಿಗೆ ಬೇಕಾಗುವ ಆವೇಶದ ಗುಣಗಳು ಮೂರು. ಒಂದು, ಆವೇಶಗಳು ಚಿಹ್ನೆಸಹಿತವಾಗಿ ಕೂಡುತ್ತವೆ. ಎರಡು, ಹೊರಗಿನ ಸಂಪರ್ಕವಿಲ್ಲದ ವ್ಯವಸ್ಥೆಯಲ್ಲಿ ಒಟ್ಟು ಆವೇಶ ಬದಲಾಗುವುದಿಲ್ಲ. ಇದನ್ನು ಆವೇಶದ ಸಂರಕ್ಷಣೆ ಎನ್ನುತ್ತಾರೆ. ಮೂರು, ಯಾವ ವಸ್ತುವಿನ ಆವೇಶವಾದರೂ ಒಂದು ಎಲೆಕ್ಟ್ರಾನಿನ ಆವೇಶದ ಪೂರ್ಣಾಂಕ ಗುಣಕವಾಗಿಯೇ ಇರುತ್ತದೆ. ಆವೇಶದ ಏಕಮಾನ ಕೂಲಂಬ್. ಎಲೆಕ್ಟ್ರಾನಿನ ಆವೇಶದ ಪರಿಮಾಣವನ್ನು 2019ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಏಕಮಾನ ಪದ್ಧತಿಯ ಪರಿಷ್ಕರಣೆಯಲ್ಲಿ 1.602176634 × 10⁻¹⁹ ಕೂಲಂಬ್ ಎಂದು ನಿಖರವಾಗಿ ನಿಗದಿಪಡಿಸಲಾಗಿದೆ. ತರಗತಿಯ ಲೆಕ್ಕಕ್ಕೆ 1.6 × 10⁻¹⁹ ಸಾಕು. ಒಂದು ಕೂಲಂಬ್ ಬಹಳ ದೊಡ್ಡ ಮೊತ್ತವಾದ್ದರಿಂದ ಅದರ ಹತ್ತು ಲಕ್ಷದಲ್ಲಿ ಒಂದು ಭಾಗವಾದ ಮೈಕ್ರೋಕೂಲಂಬ್ ಲೆಕ್ಕಗಳಲ್ಲಿ ಹೆಚ್ಚಾಗಿ ಬಳಕೆಯಾಗುತ್ತದೆ.

ಕೂಲಂಬನ ತಕ್ಕಡಿ

ಆವೇಶಗಳ ನಡುವಿನ ಬಲವನ್ನು ಅಳೆದು ನಿಯಮ ರೂಪಿಸಿದ ಕೀರ್ತಿ ಫ್ರಾನ್ಸಿನ ಸೇನಾ ಎಂಜಿನಿಯರ್ ಶಾರ್ಲ್ ಒಗುಸ್ತಾಂ ದ ಕೂಲಂಬನದು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಅದಕ್ಕೂ ಮೊದಲೇ ಇದೇ ನಿರ್ಣಯಕ್ಕೆ ಬಂದಿದ್ದನಾದರೂ ಆತ ಅದನ್ನು ಪ್ರಕಟಿಸಲಿಲ್ಲ. ಆತನ ಟಿಪ್ಪಣಿಗಳನ್ನು 1879ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸಂಪಾದಿಸಿ ಹೊರತಂದ ಮೇಲೆಯೇ ಲೋಕಕ್ಕೆ ಅದು ತಿಳಿಯಿತು. ಕೂಲಂಬ್ 1785ರಲ್ಲಿ ಮಂಡಿಸಿದ ಪ್ರಯೋಗದಲ್ಲಿ ಒಂದು ನವಿರು ತಂತಿಗೆ ಅಡ್ಡಕಡ್ಡಿಯನ್ನು ತೂಗುಬಿಟ್ಟು, ಕಡ್ಡಿಯ ತುದಿಯಲ್ಲಿ ಹಗುರವಾದ ಗುಂಡನ್ನು ಕೂರಿಸಿ, ಅದರ ಪಕ್ಕದಲ್ಲಿ ಕದಲದ ಇನ್ನೊಂದು ಗುಂಡನ್ನು ಇರಿಸಿದ್ದ. ಎರಡಕ್ಕೂ ಒಂದೇ ಬಗೆಯ ಆವೇಶ ಕೊಟ್ಟಾಗ ತೂಗುವ ಗುಂಡು ದೂರ ಸರಿದು ತಂತಿ ತಿರುಚಿಕೊಳ್ಳುತ್ತಿತ್ತು. ತಂತಿಯ ತಿರುಚು ಎಷ್ಟು ಡಿಗ್ರಿಯೋ ಬಲವೂ ಅದೇ ಪ್ರಮಾಣದಲ್ಲಿರುವುದರಿಂದ ಡಿಗ್ರಿಗಳನ್ನು ಓದಿದರೆ ಬಲವನ್ನು ಓದಿದಂತೆಯೇ ಆಯಿತು.

ಆತ ಬರೆದಿಟ್ಟ ಅಂಕಿಗಳು ಹೀಗಿವೆ: ಗುಂಡುಗಳ ನಡುವಿನ ಅಂತರ 36 ಡಿಗ್ರಿ ಇದ್ದಾಗ ತಂತಿಯ ತಿರುಚು 36 ಡಿಗ್ರಿ, ಅಂತರವನ್ನು 18 ಡಿಗ್ರಿಗೆ ಇಳಿಸಿದಾಗ ತಿರುಚು 144 ಡಿಗ್ರಿ, ಅಂತರ ಮತ್ತೆ ಹೆಚ್ಚುಕಡಿಮೆ ಅರ್ಧವಾಗಿ 8.5 ಡಿಗ್ರಿಗೆ ಬಂದಾಗ ತಿರುಚು 575.5 ಡಿಗ್ರಿ. ಅಂತರ ಅರ್ಧವಾದಾಗಲೆಲ್ಲ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬ ಈ ಸಂಗತಿಯನ್ನೇ ಬಲವು ಅಂತರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿದೆ ಎಂದು ಹೇಳುತ್ತಾರೆ. ಇದರ ಜೊತೆಗೆ ಬಲವು ಎರಡು ಆವೇಶಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿರುತ್ತದೆ, ಅವುಗಳನ್ನು ಸೇರಿಸುವ ಸರಳರೇಖೆಯ ಗುಂಟ ವರ್ತಿಸುತ್ತದೆ, ಸಜಾತಿ ಆವೇಶಗಳು ವಿಕರ್ಷಿಸುತ್ತವೆ ಮತ್ತು ವಿಜಾತಿ ಆವೇಶಗಳು ಆಕರ್ಷಿಸುತ್ತವೆ ಎಂಬ ಮಾತುಗಳು ಸೇರಿದರೆ ಕೂಲಂಬನ ನಿಯಮ ಪೂರ್ಣವಾಗುತ್ತದೆ. ಅನುಪಾತವನ್ನು ಸಮೀಕರಣವಾಗಿಸುವ ಸ್ಥಿರಾಂಕದ ಬೆಲೆ ನಿರ್ವಾತದಲ್ಲಿ, ಮತ್ತು ಲೆಕ್ಕದ ಮಟ್ಟಿಗೆ ಗಾಳಿಯಲ್ಲಿಯೂ, ಸುಮಾರು 9 × 10⁹. ಆವೇಶ ಕೂಲಂಬಿನಲ್ಲಿ, ಅಂತರ ಮೀಟರಿನಲ್ಲಿ, ಬಲ ನ್ಯೂಟನ್ನಿನಲ್ಲಿ ಇದ್ದಾಗ ಮಾತ್ರ ಈ ಬೆಲೆ ಸಲ್ಲುತ್ತದೆ.

ಮೊದಲ ಲೆಕ್ಕ, ಮೊದಲ ತಪ್ಪುಗಳು

ಗಾಳಿಯಲ್ಲಿ 30 ಸೆಂಟಿಮೀಟರ್ ಅಂತರದಲ್ಲಿರುವ +2 ಮತ್ತು −3 ಮೈಕ್ರೋಕೂಲಂಬಿನ ಎರಡು ಬಿಂದು ಆವೇಶಗಳ ನಡುವಿನ ಬಲ ಎಷ್ಟು ಎಂಬ ಲೆಕ್ಕವನ್ನು ತೆಗೆದುಕೊಳ್ಳಬಹುದು. ಬಿಂದು ಆವೇಶವೆಂದರೆ ನಡುವಿನ ಅಂತರದ ಮುಂದೆ ಗಾತ್ರವನ್ನು ಲೆಕ್ಕಿಸಬೇಕಿಲ್ಲದಷ್ಟು ಚಿಕ್ಕದಾದ ಆವೇಶಿತ ವಸ್ತು. ಮೊದಲು ಎರಡು ಚುಕ್ಕೆಗಳನ್ನು ಇಟ್ಟು, ಒಂದರ ಮೇಲೆ ಧನ ಚಿಹ್ನೆಯನ್ನೂ ಇನ್ನೊಂದರ ಮೇಲೆ ಋಣ ಚಿಹ್ನೆಯನ್ನೂ ಬರೆದು, ವಿಜಾತಿಗಳಾದ್ದರಿಂದ ಪ್ರತಿಯೊಂದರಿಂದಲೂ ಇನ್ನೊಂದರ ಕಡೆಗೆ ಬಾಣದ ಗೆರೆ ಎಳೆಯಬೇಕು. ಅಲ್ಲಿಗೆ ಚಿಹ್ನೆಗಳ ಕೆಲಸ ಮುಗಿಯಿತು. ಪರಿಮಾಣದ ಲೆಕ್ಕದಲ್ಲಿ 2 ಮತ್ತು 3 ಮಾತ್ರ ಉಳಿಯುತ್ತವೆ. 9 × 10⁹ ಅನ್ನು 2 × 10⁻⁶ ಮತ್ತು 3 × 10⁻⁶ಗಳಿಂದ ಗುಣಿಸಿದರೆ 0.054, ಅಂತರವಾದ 0.3 ಮೀಟರಿನ ವರ್ಗ 0.09, ಭಾಗಿಸಿದರೆ ಬಲ 0.6 ನ್ಯೂಟನ್, ಎಂದರೆ ಸುಮಾರು 60 ಗ್ರಾಂ ವಸ್ತುವಿನ ತೂಕದಷ್ಟು.

ಈ ಚಿಕ್ಕ ಲೆಕ್ಕದಲ್ಲಿಯೇ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ನಾಲ್ಕು ತಪ್ಪುಗಳಿಗೆ ಎಡೆಯಿದೆ. ಸೆಂಟಿಮೀಟರನ್ನು ಮೀಟರಿಗೆ ಬದಲಿಸದಿರುವುದು ಮೊದಲನೆಯದು. ಅಂತರವನ್ನು ವರ್ಗ ಮಾಡಲು ಮರೆಯುವುದು ಎರಡನೆಯದು. ಋಣ ಚಿಹ್ನೆಯನ್ನು ಸೂತ್ರದೊಳಕ್ಕೆ ತಂದು, ಬಂದ −0.6ರ ಅರ್ಥವನ್ನು ಎಡಕ್ಕೆ ಎಂದೋ ಕೆಳಕ್ಕೆ ಎಂದೋ ಊಹಿಸುವುದು ಮೂರನೆಯದು. ನಾಲ್ಕನೆಯದು ಎಲ್ಲಕ್ಕಿಂತ ಆಳವಾದದ್ದು: 3 ಮೈಕ್ರೋಕೂಲಂಬಿನ ಆವೇಶ ದೊಡ್ಡದಾದ್ದರಿಂದ ಅದು ಇನ್ನೊಂದನ್ನು ಹೆಚ್ಚು ಬಲದಿಂದ ಎಳೆಯುತ್ತದೆ ಎಂದು ಭಾವಿಸುವುದು. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ಎರಡೂ ಆವೇಶಗಳು ಅನುಭವಿಸುವ ಬಲ ಸಮ, ದಿಕ್ಕು ಮಾತ್ರ ಎದುರುಬದುರು. ಆದ್ದರಿಂದ ಚಿತ್ರದಲ್ಲಿ ಎರಡು ಬಾಣಗಳನ್ನೂ ಒಂದೇ ಉದ್ದಕ್ಕೆ ಎಳೆಯುವ ಅಭ್ಯಾಸ ಒಳ್ಳೆಯದು.

ಏಕಮಾನದ ತಪ್ಪನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ. ಆವೇಶಗಳು ಮೈಕ್ರೋಕೂಲಂಬಿನಲ್ಲಿ, ಅಂತರ ಸೆಂಟಿಮೀಟರಿನಲ್ಲಿ ಇದ್ದರೆ ಹತ್ತರ ಘಾತಗಳೆಲ್ಲ ಒಂದರೊಳಗೊಂದು ಸೇರಿ ಸ್ಥಿರಾಂಕ ಬರೀ 90 ಆಗುತ್ತದೆ. 90ನ್ನು 2 ಮತ್ತು 3ರಿಂದ ಗುಣಿಸಿ, 30ರ ವರ್ಗವಾದ 900ರಿಂದ ಭಾಗಿಸಿದರೆ ಅದೇ 0.6 ನ್ಯೂಟನ್ ಬರುತ್ತದೆ. ಸಿಇಟಿಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ ಸಿಗುವುದರಿಂದ ಇಂಥ ದಾರಿ ಸಮಯವನ್ನೂ ಉಳಿಸುತ್ತದೆ. ಆದರೆ ಈ 90 ಎಲ್ಲಿಂದ ಬಂತು ಎಂಬುದನ್ನು ಒಮ್ಮೆ ಸ್ವಂತ ಕೈಯಿಂದ ಸಾಧಿಸಿದವರು ಮಾತ್ರ ಅದನ್ನು ನಂಬಿ ಬಳಸಬಹುದು.

ಎರಡನೆಯ ಬಗೆಯ ಲೆಕ್ಕದಲ್ಲಿ ಗುಂಡುಗಳನ್ನು ಒಂದಕ್ಕೊಂದು ತಾಗಿಸಿ ಬೇರ್ಪಡಿಸುತ್ತಾರೆ. +6 ಮತ್ತು −2 ಮೈಕ್ರೋಕೂಲಂಬ್ ಆವೇಶವಿರುವ ಒಂದೇ ಅಳತೆಯ ಎರಡು ಲೋಹದ ಗುಂಡುಗಳನ್ನು ತಾಗಿಸಿ ಮತ್ತೆ ಮೊದಲಿನ ಅಂತರದಲ್ಲಿಯೇ ಇಟ್ಟರೆ ಬಲ ಏನಾಗುತ್ತದೆ? ಸಂರಕ್ಷಣೆಯ ನಿಯಮದಂತೆ ಒಟ್ಟು ಆವೇಶ +4. ಗುಂಡುಗಳು ಒಂದೇ ತೆರನಾದ್ದರಿಂದ ತಲಾ +2. ಗುಣಲಬ್ಧ 12ರಿಂದ 4ಕ್ಕೆ ಇಳಿದದ್ದರಿಂದ ಬಲ ಮೂರರಲ್ಲಿ ಒಂದು ಭಾಗವಾಗುತ್ತದೆ, ಆಕರ್ಷಣೆಯಿದ್ದದ್ದು ವಿಕರ್ಷಣೆಯಾಗುತ್ತದೆ. ಇಲ್ಲಿ ಸ್ಥಿರಾಂಕವೂ ಬೇಡ, ಅಂತರವೂ ಬೇಡ; ಅನುಪಾತವೊಂದೇ ಸಾಕು. ಆವೇಶವಿಲ್ಲದ ಅಂಥದೇ ಗುಂಡನ್ನು ತಾಗಿಸಿ ಆವೇಶವನ್ನು ಅರ್ಧಕ್ಕೆ ಇಳಿಸುವ ಯುಕ್ತಿಯನ್ನು ಕೂಲಂಬನೇ ಬಳಸಿದ್ದ.

ಮೂರನೆಯ ಆವೇಶ ಬಂದಾಗ

ಎರಡಕ್ಕಿಂತ ಹೆಚ್ಚು ಆವೇಶಗಳಿದ್ದಾಗ ಅಧ್ಯಾರೋಪಣ ತತ್ವ ನೆರವಿಗೆ ಬರುತ್ತದೆ. ಒಂದು ಆವೇಶದ ಮೇಲಿನ ಒಟ್ಟು ಬಲವು ಉಳಿದ ಪ್ರತಿಯೊಂದು ಆವೇಶವೂ ತಾನೊಂದೇ ಇದ್ದಾಗ ಪ್ರಯೋಗಿಸುವ ಬಲಗಳ ಸದಿಶ ಮೊತ್ತ ಎಂಬುದೇ ಈ ತತ್ವ. ಪರಿಮಾಣದ ಜೊತೆಗೆ ದಿಕ್ಕೂ ಇರುವ ರಾಶಿಯೇ ಸದಿಶ. ನಡುವೆ ಬೇರೊಂದು ಆವೇಶ ಬಂದಿತೆಂಬ ಕಾರಣಕ್ಕೆ ಎರಡು ಆವೇಶಗಳ ನಡುವಿನ ಬಲ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹೀಗಾಗಿ ಎಷ್ಟೇ ತೊಡಕಿನ ಲೆಕ್ಕವಾದರೂ ಅದು ಜೋಡಿ ಜೋಡಿಯಾಗಿ ಒಡೆದು ಬಿಡಿಸಬಹುದಾದ ಸಣ್ಣ ಲೆಕ್ಕಗಳ ಗುಂಪು.

ಬದಿ 30 ಸೆಂಟಿಮೀಟರ್ ಇರುವ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿ ತಲಾ +2 ಮೈಕ್ರೋಕೂಲಂಬ್ ಇದೆಯೆಂದರೆ, ಮೇಲಿನ ಮೂಲೆಯ ಆವೇಶವನ್ನು ಕೆಳಗಿನ ಎರಡೂ ಆವೇಶಗಳು ತಲಾ 0.4 ನ್ಯೂಟನ್ ಬಲದಿಂದ ತಳ್ಳುತ್ತವೆ. 0.4ಕ್ಕೆ 0.4 ಸೇರಿಸಿ 0.8 ಎಂದು ಬರೆದುಬಿಡುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಚಿತ್ರ ಬರೆದವರಿಗೆ ಒಂದು ಬಾಣ ಎಡ ಮೇಲಕ್ಕೂ ಇನ್ನೊಂದು ಬಲ ಮೇಲಕ್ಕೂ ಹೊರಟು ಅವುಗಳ ನಡುವೆ 60 ಡಿಗ್ರಿ ಕೋನವಿರುವುದು ಕಾಣುತ್ತದೆ. ಅಡ್ಡಲಾಗಿರುವ ಅಂಶಗಳು ಪರಸ್ಪರ ಕಳೆದುಹೋಗುತ್ತವೆ. ನೆಟ್ಟಗಿರುವ ಅಂಶಗಳು ಮಾತ್ರ ಕೂಡುತ್ತವೆ. 0.4ನ್ನು 30 ಡಿಗ್ರಿಯ ಕೊಸೈನಿನಿಂದ ಗುಣಿಸಿ ಇಮ್ಮಡಿ ಮಾಡಿದರೆ ಸುಮಾರು 0.69 ನ್ಯೂಟನ್, ದಿಕ್ಕು ನೇರ ಮೇಲಕ್ಕೆ. ಅದೇ ತ್ರಿಕೋನದ ನಟ್ಟನಡುವೆ ನಾಲ್ಕನೆಯ ಆವೇಶವನ್ನಿಟ್ಟರೆ ಅದರ ಮೇಲಿನ ಒಟ್ಟು ಬಲ ಸೊನ್ನೆ ಎಂಬುದನ್ನು ಒಂದಂಕಿಯನ್ನೂ ಬರೆಯದೆ, ಮೂರು ಬಾಣಗಳ ಸಮಮಿತಿಯನ್ನು ನೋಡಿಯೇ ಹೇಳಬಹುದು.

ಬಲ ಸೊನ್ನೆಯಾಗುವ ಜಾಗವನ್ನು ಹುಡುಕುವ ಲೆಕ್ಕ ಈ ಅಧ್ಯಾಯದ ಅತ್ಯಂತ ಒಳ್ಳೆಯ ಪಾಠ. +4 ಮತ್ತು +1 ಮೈಕ್ರೋಕೂಲಂಬಿನ ಆವೇಶಗಳು 30 ಸೆಂಟಿಮೀಟರ್ ಅಂತರದಲ್ಲಿ ಕದಲದಂತಿರುವಾಗ ಮೂರನೆಯ ಆವೇಶವನ್ನು ಎಲ್ಲಿಟ್ಟರೆ ಅದರ ಮೇಲಿನ ಬಲ ಸೊನ್ನೆ? ಮೊದಲು ಅಂಕಿಗಳನ್ನು ಬದಿಗಿಟ್ಟು ಗೆರೆಯ ಮೂರು ಭಾಗಗಳನ್ನು ಪರಿಶೀಲಿಸಬೇಕು. ಎರಡೂ ಧನವಾದ್ದರಿಂದ ಹೊರಗಿನ ಎರಡು ಭಾಗಗಳಲ್ಲಿ ಬಾಣಗಳು ಒಂದೇ ಕಡೆಗೆ ಇರುತ್ತವೆ, ಆದ್ದರಿಂದ ಅವು ಕಳೆದುಹೋಗಲಾರವು. ಎದುರುಬದುರಾಗುವುದು ನಡುವೆ ಮಾತ್ರ. ಅಲ್ಲಿಯೂ ಸೊನ್ನೆಯ ಜಾಗ ಚಿಕ್ಕ ಆವೇಶಕ್ಕೆ ಹತ್ತಿರವಿರಬೇಕು, ಏಕೆಂದರೆ ಚಿಕ್ಕದರ ಕೊರತೆಯನ್ನು ಸಾಮೀಪ್ಯವೇ ತುಂಬಬೇಕು. ಆವೇಶಗಳ ಅನುಪಾತ 4 ಆದ್ದರಿಂದ ಅಂತರಗಳ ಅನುಪಾತ ಅದರ ವರ್ಗಮೂಲವಾದ 2. 30 ಸೆಂಟಿಮೀಟರನ್ನು 2ಕ್ಕೆ 1ರಂತೆ ಭಾಗ ಮಾಡಿದರೆ ದೊಡ್ಡ ಆವೇಶದಿಂದ 20 ಸೆಂಟಿಮೀಟರ್, ಚಿಕ್ಕದರಿಂದ 10 ಸೆಂಟಿಮೀಟರ್. ಮೂರನೆಯ ಆವೇಶದ ಪರಿಮಾಣವಾಗಲಿ ಚಿಹ್ನೆಯಾಗಲಿ ಉತ್ತರವನ್ನು ಬದಲಿಸುವುದಿಲ್ಲ, ಏಕೆಂದರೆ ಅದು ಎರಡೂ ಬಲಗಳಲ್ಲಿ ಸಮವಾಗಿ ಸೇರಿರುತ್ತದೆ.

ಇದರಲ್ಲಿ +1ನ್ನು −1 ಆಗಿ ಬದಲಿಸಿದರೆ ಚಿತ್ರವೇ ಬದಲಾಗುತ್ತದೆ. ಈಗ ನಡುವಿನ ಭಾಗದಲ್ಲಿ ಎರಡು ಬಾಣಗಳೂ ಒಂದೇ ಕಡೆಗೆ. ದೊಡ್ಡ ಆವೇಶದ ಆಚೆಗೆ ಬಾಣಗಳು ಎದುರುಬದುರಾದರೂ ದೊಡ್ಡದೇ ಹತ್ತಿರವಿರುವುದರಿಂದ ಅವು ಎಂದೂ ಸಮವಾಗಲಾರವು. ಉಳಿದದ್ದು ಚಿಕ್ಕ ಆವೇಶದ ಆಚೆಯ ಭಾಗ. ಅಲ್ಲಿ ಅಂತರಗಳ ಅನುಪಾತ 2 ಆಗುವುದು ದೊಡ್ಡದರಿಂದ 60, ಚಿಕ್ಕದರಿಂದ 30 ಸೆಂಟಿಮೀಟರ್ ದೂರದಲ್ಲಿ. ಸೂತ್ರವನ್ನಷ್ಟೇ ನೆಚ್ಚಿದವರಿಗೆ ಈ ಲೆಕ್ಕದ ವರ್ಗಸಮೀಕರಣ ಎರಡು ಉತ್ತರಗಳನ್ನು ಕೊಡುತ್ತದೆ, ಯಾವುದನ್ನು ಇಟ್ಟುಕೊಳ್ಳಬೇಕೆಂದು ಹೇಳುವುದಿಲ್ಲ. ಅದನ್ನು ಹೇಳುವುದು ಚಿತ್ರ.

ದಾರಕ್ಕೆ ತೂಗುವ ಗುಂಡುಗಳು

ಕೂಲಂಬನ ನಿಯಮ ಹಿಂದಿನ ವರ್ಷ ಕಲಿತ ಬಲವಿಜ್ಞಾನದೊಂದಿಗೆ ಸೇರುವ ಜಾಗದಲ್ಲಿ ಅನೇಕರು ತಡವರಿಸುತ್ತಾರೆ. ತಲಾ 1 ಗ್ರಾಂ ತೂಗುವ ಎರಡು ಗುಂಡುಗಳನ್ನು ಒಂದೇ ಮೊಳೆಯಿಂದ 50 ಸೆಂಟಿಮೀಟರ್ ದಾರಗಳಲ್ಲಿ ತೂಗುಬಿಟ್ಟು ಸಮ ಆವೇಶ ಕೊಟ್ಟಾಗ ಅವು 6 ಸೆಂಟಿಮೀಟರ್ ಅಂತರಕ್ಕೆ ಸರಿದು ನಿಂತವು, ಆವೇಶ ಎಷ್ಟು? ಒಂದು ಗುಂಡನ್ನು ಮಾತ್ರ ಆರಿಸಿ ಅದರ ಮೇಲಿನ ಬಲಗಳನ್ನು ಎಣಿಸಿದರೆ ಅವು ಮೂರು: ಕೆಳಕ್ಕೆ ತೂಕ, ಪಕ್ಕಕ್ಕೆ ವಿದ್ಯುತ್ ವಿಕರ್ಷಣೆ, ದಾರದ ಗುಂಟ ಮೇಲಕ್ಕೆ ಎಳೆತ. ಗುಂಡು ಕದಲದೆ ನಿಂತಿರುವುದರಿಂದ ಎಳೆತದ ನೆಟ್ಟಗಿನ ಅಂಶ ತೂಕಕ್ಕೂ ಅಡ್ಡಲಾದ ಅಂಶ ವಿಕರ್ಷಣೆಗೂ ಸಮ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎಳೆತ ಮಾಯವಾಗಿ, ವಿಕರ್ಷಣೆಗೂ ತೂಕಕ್ಕೂ ಇರುವ ಅನುಪಾತವು ದಾರ ಓರೆಯಾದ ಕೋನದ ಟ್ಯಾಂಜೆಂಟ್ ಆಗಿ ಉಳಿಯುತ್ತದೆ.

ಆ ಟ್ಯಾಂಜೆಂಟ್ ಇಲ್ಲಿ 3ನ್ನು ಸುಮಾರು 50ರಿಂದ ಭಾಗಿಸಿದಷ್ಟು, ಎಂದರೆ 0.06. ಗುಂಡಿನ ತೂಕ 0.01 ನ್ಯೂಟನ್ ಆದ್ದರಿಂದ ವಿಕರ್ಷಣೆ 6 × 10⁻⁴ ನ್ಯೂಟನ್. ಕೂಲಂಬನ ನಿಯಮವನ್ನು ಹಿಂದುಮುಂದಾಗಿ ಬಳಸಿದರೆ ಪ್ರತಿ ಗುಂಡಿನ ಆವೇಶ ಸುಮಾರು 1.55 × 10⁻⁸ ಕೂಲಂಬ್. ಇದನ್ನು ಎಲೆಕ್ಟ್ರಾನಿನ ಆವೇಶದಿಂದ ಭಾಗಿಸಿದರೆ ಹೆಚ್ಚುವರಿ ಎಲೆಕ್ಟ್ರಾನುಗಳ ಸಂಖ್ಯೆ ಸುಮಾರು 9,700 ಕೋಟಿ. ಸಂಖ್ಯೆ ದೊಡ್ಡದೆನಿಸಿದರೂ ಒಂದು ಗ್ರಾಂ ವಸ್ತುವಿನಲ್ಲಿರುವ ಒಟ್ಟು ಎಲೆಕ್ಟ್ರಾನುಗಳ ಮುಂದೆ ಅದು ಸುಮಾರು ಮೂರು ಲಕ್ಷ ಕೋಟಿಗೆ ಒಂದರಂತೆ ಮಾತ್ರ. ಅಷ್ಟು ಅಲ್ಪ ಏರುಪೇರು ಗುಂಡುಗಳನ್ನು ಕಣ್ಣಿಗೆ ಕಾಣುವಂತೆ ದೂರ ಸರಿಸುತ್ತದೆ ಎಂಬುದರಲ್ಲಿ ವಿದ್ಯುತ್ ಬಲದ ಪ್ರಾಬಲ್ಯ ತಿಳಿಯುತ್ತದೆ.

ಉತ್ತರವನ್ನು ಪರೀಕ್ಷಿಸುವುದು

ಬಂದ ಉತ್ತರ ನಂಬುವಂಥದ್ದೇ ಎಂದು ಕೇಳಿಕೊಳ್ಳುವುದು ಲೆಕ್ಕದ ಕೊನೆಯ ಹಂತ. ಅದಕ್ಕೆ ಅಳತೆಗಳ ಅಂದಾಜು ಬೇಕು. ತಲಾ ಒಂದು ಕೂಲಂಬಿನ ಎರಡು ಆವೇಶಗಳನ್ನು ಒಂದು ಮೀಟರ್ ಅಂತರದಲ್ಲಿ ಇಡಲು ಸಾಧ್ಯವಾದರೆ ಅವುಗಳ ನಡುವಿನ ಬಲ 9 × 10⁹ ನ್ಯೂಟನ್, ಎಂದರೆ ಸುಮಾರು 9 ಲಕ್ಷ ಟನ್ ತೂಕ. ಕೃಷ್ಣಾ ತೀರದ ಈ ಸೀಮೆಯ ಜನಕ್ಕೆ ಅದನ್ನು ಹೀಗೆ ಹೇಳಬಹುದು: ದಿನಕ್ಕೆ 9,000 ಟನ್ ಅರೆಯುವ ಸಕ್ಕರೆ ಕಾರ್ಖಾನೆಯೊಂದು ಸತತ ನೂರು ದಿನ ಅರೆಯುವ ಕಬ್ಬನ್ನೆಲ್ಲ ಒಂದೇ ಕಡೆ ಪೇರಿಸಿದರೆ ಎಷ್ಟು ತೂಕವೋ ಅಷ್ಟು. ಆದ್ದರಿಂದ ಆವೇಶದ ಉತ್ತರ ಹಲವು ಕೂಲಂಬ್ ಎಂದೋ, ಮೈಕ್ರೋಕೂಲಂಬುಗಳ ನಡುವಿನ ಬಲ ಕೋಟಿ ನ್ಯೂಟನ್ ಎಂದೋ ಬಂದರೆ ಹತ್ತರ ಘಾತ ಎಲ್ಲಿಯೋ ಜಾರಿದೆ ಎಂದೇ ಅರ್ಥ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಒಂದು ಆಂಪಿಯರ್ ವಿದ್ಯುತ್ ಹರಿಯುವ ಮೊಬೈಲ್ ಚಾರ್ಜರಿನ ತಂತಿಯಲ್ಲಿ ಪ್ರತಿ ಸೆಕೆಂಡಿಗೆ ಒಂದು ಕೂಲಂಬ್ ಆವೇಶ ಸಾಗುತ್ತದೆ. ಹಾಗಿದ್ದರೆ ಅಕ್ಕಪಕ್ಕದ ತಂತಿಗಳು ಸಿಡಿದು ಚೆಲ್ಲಾಪಿಲ್ಲಿಯಾಗಬೇಕಲ್ಲವೇ? ಆಗುವುದಿಲ್ಲ, ಏಕೆಂದರೆ ಚಲಿಸುವ ಎಲೆಕ್ಟ್ರಾನುಗಳ ಋಣ ಆವೇಶಕ್ಕೆ ಸರಿಸಮವಾದ ಧನ ಆವೇಶ ತಂತಿಯ ಪರಮಾಣುಗಳಲ್ಲಿ ಅಲ್ಲಿಯೇ ನಿಂತಿರುತ್ತದೆ. ತಂತಿ ಒಟ್ಟಾರೆ ತಟಸ್ಥ. ಹರಿಯುವ ಆವೇಶವೇ ಬೇರೆ, ಹೆಚ್ಚಾಗಿ ಕೂಡಿಕೊಂಡ ಆವೇಶವೇ ಬೇರೆ. ಕೂಲಂಬನ ನಿಯಮದ ಲೆಕ್ಕಕ್ಕೆ ಬರುವುದು ಎರಡನೆಯದು.

ಪ್ರಶ್ನೆಯಲ್ಲಿ ಗಾಳಿಯಲ್ಲಿ ಅಥವಾ ನೀರಿನಲ್ಲಿ ಎಂಬ ಮಾತನ್ನೂ ಗಮನವಿಟ್ಟು ಓದಬೇಕು. ನೀರಿನಲ್ಲಿ ಆವೇಶಗಳ ನಡುವಿನ ಬಲ ನಿರ್ವಾತದಲ್ಲಿ ಇರುವುದರ ಸುಮಾರು 80ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಡುಗೆ ಉಪ್ಪಿನ ಹರಳಿನಲ್ಲಿ ಬಿಗಿಯಾಗಿ ಹಿಡಿದುಕೊಂಡಿರುವ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ನೀರಿನಲ್ಲಿ ಬಿಡಿಬಿಡಿಯಾಗುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಕ್ಷೇತ್ರದಿಂದ ಕಾರ್ಖಾನೆಯ ಚಿಮಣಿಗೆ

ಬಲದ ಲೆಕ್ಕದಿಂದ ಮುಂದಿನ ಹೆಜ್ಜೆ ವಿದ್ಯುತ್ ಕ್ಷೇತ್ರ. ಒಂದು ಜಾಗದಲ್ಲಿ ಇಟ್ಟ ಪ್ರತಿ ಕೂಲಂಬ್ ಧನ ಆವೇಶದ ಮೇಲೆ ಎಷ್ಟು ಬಲ, ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ಕ್ಷೇತ್ರ ಹೇಳುತ್ತದೆ; ಕ್ಷೇತ್ರವನ್ನು ಆವೇಶದಿಂದ ಗುಣಿಸಿದರೆ ಬಲ. ಬಗಾಸ್, ಎಂದರೆ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು, ಉರಿಸಿ ವಿದ್ಯುತ್ ಉತ್ಪಾದಿಸುವ ಸಕ್ಕರೆ ಕಾರ್ಖಾನೆಗಳಲ್ಲಿ ಹೊಗೆಯೊಡನೆ ಬೂದಿ ಹೊರಬೀಳದಂತೆ ತಡೆಯಲು ಬಳಸುವ ಸಾಧನಗಳಲ್ಲಿ ಸ್ಥಾಯಿ ವಿದ್ಯುತ್ತಿನ ಶೋಧಕವೂ ಒಂದು. ಅದರಲ್ಲಿ ಹತ್ತಾರು ಸಾವಿರ ವೋಲ್ಟಿನ ಋಣ ವಿಭವದಲ್ಲಿರುವ ತಂತಿಗಳು ಸುತ್ತಲಿನ ಅನಿಲವನ್ನು ಅಯಾನುಗಳಾಗಿಸುತ್ತವೆ. ಅಯಾನುಗಳು ಬೂದಿಯ ಕಣಗಳಿಗೆ ಅಂಟಿ ಅವಕ್ಕೆ ಆವೇಶ ಕೊಡುತ್ತವೆ. ಆವೇಶಿತ ಕಣಗಳನ್ನು ಕ್ಷೇತ್ರವು ಭೂಸಂಪರ್ಕವುಳ್ಳ ಲೋಹದ ತಗಡುಗಳತ್ತ ತಳ್ಳುತ್ತದೆ. ಆಗಾಗ ತಗಡುಗಳಿಗೆ ಪೆಟ್ಟು ಕೊಟ್ಟು ಬೂದಿಯನ್ನು ಕೆಳಗೆ ಬೀಳಿಸುತ್ತಾರೆ.

ಇದನ್ನು ಪಿಯುಸಿಯ ಲೆಕ್ಕವಾಗಿಯೇ ಬಿಡಿಸಬಹುದು. 10⁻¹² ಕಿಲೋಗ್ರಾಂ ದ್ರವ್ಯರಾಶಿಯ ಬೂದಿಕಣವೊಂದು 10,000 ಎಲೆಕ್ಟ್ರಾನುಗಳನ್ನು ಹೊತ್ತಿದೆ, ಕ್ಷೇತ್ರ ಪ್ರತಿ ಕೂಲಂಬಿಗೆ 3 × 10⁵ ನ್ಯೂಟನ್ ಎಂದುಕೊಂಡರೆ, ಆವೇಶ 1.6 × 10⁻¹⁵ ಕೂಲಂಬ್, ಬಲ 4.8 × 10⁻¹⁰ ನ್ಯೂಟನ್. ಕಣದ ತೂಕವಾದರೋ 10⁻¹¹ ನ್ಯೂಟನ್. ವಿದ್ಯುತ್ ಬಲ ತೂಕದ 48 ಪಟ್ಟು ಇರುವುದರಿಂದಲೇ ಹೊಗೆಯೊಡನೆ ಮೇಲೇರಬೇಕಾದ ಕಣ ಪಕ್ಕದ ತಗಡಿಗೆ ಹೋಗಿ ಅಂಟುತ್ತದೆ. ಕಾಲೇಜಿನ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿಯೂ ಇದೇ ಬಲದ ಕೆಲಸ ನಡೆಯುತ್ತದೆ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ತೋರಿಸಿಕೊಟ್ಟ ಈ ವಿಧಾನದಲ್ಲಿ, ಬೆಳಕು ಬಿದ್ದಾಗ ಮಾತ್ರ ವಾಹಕವಾಗುವ ಮೇಲ್ಮೈಗೆ ಕತ್ತಲಲ್ಲಿ ಆವೇಶ ಕೊಟ್ಟು, ಮೂಲ ಹಾಳೆಯ ಬಿಳಿ ಭಾಗದಿಂದ ಪ್ರತಿಫಲಿಸಿದ ಬೆಳಕನ್ನು ಅದರ ಮೇಲೆ ಬೀಳಿಸುತ್ತಾರೆ. ಬೆಳಕು ಬಿದ್ದಲ್ಲಿ ಆವೇಶ ಸೋರಿಹೋಗಿ ಅಕ್ಷರಗಳ ಜಾಗದಲ್ಲಿ ಮಾತ್ರ ಉಳಿಯುತ್ತದೆ. ವಿಜಾತಿ ಆವೇಶದ ಕಪ್ಪು ಪುಡಿ ಅಲ್ಲಿಗೆ ಅಂಟಿ, ಅಲ್ಲಿಂದ ಕಾಗದಕ್ಕೆ ಸೆಳೆಯಲ್ಪಟ್ಟು, ಕಾವಿನಿಂದ ಕರಗಿ ಭದ್ರವಾಗುತ್ತದೆ.

ಕಲಿಸುವವರು ಮತ್ತು ಕಲಿಯುವವರು

ಇಷ್ಟೆಲ್ಲ ಲೆಕ್ಕಗಳ ಹಿಂದೆ ಇರುವ ಕ್ರಮ ಒಂದೇ. ಪ್ರಶ್ನೆಯನ್ನು ಎರಡು ಸಲ ಓದಿ ಚಿತ್ರ ಬರೆಯುವುದು, ಯಾವ ಆವೇಶದ ಮೇಲಿನ ಬಲ ಬೇಕೋ ಅದನ್ನು ಗುರುತು ಹಾಕುವುದು, ಅದರ ಮೇಲೆ ವರ್ತಿಸುವ ಪ್ರತಿ ಬಲಕ್ಕೂ ಬಾಣ ಎಳೆಯುವುದು, ಏಕಮಾನಗಳನ್ನು ಬದಲಿಸಿ ಪರಿಮಾಣ ಕಂಡುಹಿಡಿಯುವುದು, ದಿಕ್ಕು ನೋಡಿ ಕೂಡುವುದು, ಬಂದ ಉತ್ತರ ಸಹಜವೇ ಎಂದು ಪರೀಕ್ಷಿಸುವುದು. ಇದಕ್ಕೆ ಪ್ರಯೋಗಾಲಯದ ದುಬಾರಿ ಉಪಕರಣವಾಗಲಿ ದೂರದ ಊರಿನ ಕೋಚಿಂಗ್ ಆಗಲಿ ಅನಿವಾರ್ಯವಲ್ಲ. ಪೆನ್ಸಿಲು, ಕಾಗದ ಮತ್ತು ತಾಳ್ಮೆಯಿಂದ ತಿದ್ದುವ ಒಬ್ಬ ಶಿಕ್ಷಕರು ಇದ್ದರೆ ಗಡಿ ತಾಲ್ಲೂಕಿನ ಯಾವ ಹಳ್ಳಿಯಲ್ಲಿಯೂ ಇದು ಸಾಧ್ಯ.

ತರಗತಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡರೂ ಲಾಭ ದೊಡ್ಡದು. ವಾರದಲ್ಲಿ ಒಂದು ದಿನ ಅಂಕಿಗಳೇ ಇಲ್ಲದ ಪ್ರಶ್ನೆಗಳನ್ನು ಕೊಟ್ಟು, ಬಾಣಗಳನ್ನಷ್ಟೇ ಬರೆದು ಕಾರಣವನ್ನು ಮನೆಮಾತಿನಲ್ಲಿಯೇ ಹೇಳುವಂತೆ ಮಕ್ಕಳಿಗೆ ಅವಕಾಶ ಮಾಡಿಕೊಡಬಹುದು. ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಕಾರಣವನ್ನು ಸ್ಪಷ್ಟವಾಗಿ ಹೇಳಬಲ್ಲ ವಿದ್ಯಾರ್ಥಿಗೆ ಅದೇ ಕಾರಣವನ್ನು ಪರೀಕ್ಷೆಯ ಭಾಷೆಯಲ್ಲಿ ಬರೆಯುವುದು ಅಭ್ಯಾಸದ ಮಾತು. ಕಾರಣವೇ ತಿಳಿಯದೆ ಸೂತ್ರವನ್ನು ಕಂಠಪಾಠ ಮಾಡಿದವರಿಗೆ ಯಾವ ಭಾಷೆಯೂ ನೆರವಾಗದು. ವಿದ್ಯುದಾವೇಶಗಳ ಅಧ್ಯಾಯವನ್ನು ಹೀಗೆ ಕಲಿತವರು ಮುಂದೆ ವಿಭವ, ಧಾರಕ, ವಿದ್ಯುತ್ ಪ್ರವಾಹ, ಕಾಂತತ್ವಗಳಿಗೆ ಹೋದಾಗಲೂ ಬಲಗಳನ್ನು ಎಣಿಸಿ ದಿಕ್ಕು ನೋಡಿ ಮುಂದುವರಿಯುವ ಅದೇ ಕ್ರಮವನ್ನು ಬಳಸುತ್ತಾರೆ. ಆದ್ದರಿಂದ ವರ್ಷದ ಆರಂಭದಲ್ಲಿ ಈ ಒಂದು ಅಧ್ಯಾಯಕ್ಕೆ ಎರಡು ವಾರ ಹೆಚ್ಚು ಕೊಟ್ಟರೂ ಅದು ವ್ಯರ್ಥವಲ್ಲ. ಮುಂದಿನ ಪಾಠಗಳು ಸುಗಮವಾಗಿ ಸಾಗುವುದರಿಂದ ಆ ಸಮಯ ವರ್ಷಾಂತ್ಯದೊಳಗೆ ಮರಳಿ ದೊರೆಯುತ್ತದೆ.